ನಮ್ಮವರು ಎಷ್ಟು ಮಂದಿ

ನನ್ನ ಗಂಡ ಸುಬೇದಾರ್ ಕ್ಲಿಫರ್ಡ್ ಡಿಸೋಜ ಸೈನ್ಯದಿಂದ ನಿವೃತ್ತರಾಗಿ ಮೀಂಜಕ್ಕೆ ಬಂದರು ಎಂದು ಊರಿನವರು ಹೇಳುತ್ತಾರೆ. ನಿಜ ಹೇಳಬೇಕೆಂದರೆ ಬಂದದ್ದು ಅವರ ಕಬ್ಬಿಣದ ಪೆಟ್ಟಿಗೆ ಮತ್ತು ಮೊಣಕಾಲು ನೋವು. ಮನುಷ್ಯ ಇನ್ನೂ ಇನ್‌ಫೆಂಟ್ರಿಯಲ್ಲೇ ಇದ್ದಾರೆ. ಮಿಕ್ಸಿ ರಿಪೇರಿಗೆ ಮಂಗಳೂರಿಗೆ ಹೋಗಬೇಕಾದರೆ ಹಿಂದಿನ ದಿನವೇ ಒಮ್ಮೆ ಹೋಗಿ ಅಂಗಡಿ ಎಲ್ಲಿದೆ, ಕಾರು ಎಲ್ಲಿ ನಿಲ್ಲಿಸಬಹುದು ಎಂದು ನೋಡಿ ಬರುತ್ತಾರೆ. ಅದಕ್ಕೆ ರೆಕಿ ಎಂದು ಹೆಸರು. ಹೋದವರು ಮಿಕ್ಸಿಯನ್ನೂ ಒಯ್ಯಬಹುದಿತ್ತಲ್ಲ ಎಂದು ನಾನು ಕೇಳಿದರೆ, "ರೆಕಿಗೆ ಸಾಮಾನು ಹೊತ್ತುಕೊಂಡು ಹೋಗುವ ಕ್ರಮ ಇಲ್ಲ" ಎನ್ನುತ್ತಾರೆ.

ಭಾನುವಾರ ಇಗರ್ಜಿಗೆ ಹೊರಡುವಾಗಲೂ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ ಆದೇಶ ಕೊಡುತ್ತಾರೆ. ಪೂಜೆ ಮುಗಿದ ಮೇಲೆ ಎಲ್ಲಿ ಸೇರುವುದು, ಗುಂಪಿನಲ್ಲಿ ತಪ್ಪಿಸಿಕೊಂಡರೆ ಎಲ್ಲಿ ಕಾಯುವುದು, ಎಲ್ಲ ಆಗಲೇ ತೀರ್ಮಾನ. ಕೊನೆಯಲ್ಲಿ "ಕೋಯಿ ಶಕ್?" ಎಂದು ಕೇಳುತ್ತಾರೆ. ಏನಾದರೂ ಸಂಶಯ ಉಂಟೇ ಎಂದು ಅದರ ಅರ್ಥ. ಮದುವೆಯಾದ ಹೊಸತರಲ್ಲಿ ನನಗೆ ತುಂಬ ಸಂಶಯಗಳಿದ್ದವು. ಈಗ ಬಾಯಿ ಮುಚ್ಚಿ ಕಾರು ಹತ್ತುತ್ತೇನೆ.

ನಮಗೆ ಮಕ್ಕಳಿಲ್ಲ. ರಿಝ್ವಾನಾ ಇದ್ದಳು. ನಮ್ಮ ಕಾಂಪೌಂಡಿನ ಪಾಗಾರದ ಆಚೆಗಿನ ಮಹಮೂದಾಕನ ಮಗಳು. ನಡೆಯಲು ಕಲಿತದ್ದೇ ನಮ್ಮ ಜಗಲಿಯಲ್ಲಿ. ಇವರು ರಜೆಯಲ್ಲಿ ಬಂದಾಗಲೆಲ್ಲ ಅವಳಿಗೆ ಸೈನ್ಯದ ಕೈಸನ್ನೆ ಕಲಿಸುತ್ತಿದ್ದರು. ಮುಷ್ಟಿ ಎತ್ತಿದರೆ ನಿಲ್ಲು, ಅಂಗೈ ಕೆಳಗೆ ಒತ್ತಿದರೆ ಕೂತುಕೋ, ತಲೆಯ ಮೇಲೆ ಕೈ ಇಟ್ಟರೆ ಎಲ್ಲರೂ ನನ್ನ ಹತ್ತಿರ ಬನ್ನಿ. ಇವರು ಅಂಗಳದಲ್ಲಿ ನಿಂತು ತಲೆಯ ಮೇಲೆ ಕೈ ಇಟ್ಟರೆ ಸಾಕು, ಪಾಗಾರ ಹತ್ತಿ ಹಾರಿ ಓಡಿಬರುತ್ತಿದ್ದಳು. ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಆಗಲೇ ನಮಗೆ ಗೊತ್ತಾಗಬೇಕಿತ್ತು. ಅವಳಿಗೆ ಉಬ್ಬಸ.

ಉಪ್ಪಳದ ಇರ್ಷಾದ್ ಜೊತೆ ಅವಳ ಮದುವೆ ನಿಶ್ಚಯವಾದ ಮೇಲೆ ಒಂದು ಸಂಜೆ ಅವಳ ಅಜ್ಜಿ ಉಮ್ಮಾಲಿಮ್ಮ ನಮ್ಮ ಅಡುಗೆ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. ನನ್ನನ್ನು ಬಾಯಮ್ಮ, ಇವರನ್ನು ಪೊರ್ಬುಗಳು ಎಂದು ಕರೆಯುತ್ತಾರೆ, ಕ್ರೈಸ್ತರನ್ನು ಹಾಗೆ ಕರೆಯುವುದು ಇಲ್ಲಿನ ರೂಢಿ. ಎಂಬತ್ತು ದಾಟಿದ ಹೆಂಗಸು, ಆದರೆ ಮಾತಿಗೆ ವಯಸ್ಸಾಗಿಲ್ಲ. ಅವತ್ತು ಮಾತ್ರ ಸುಮ್ಮನೆ ಸೆರಗಿನ ಅಂಚು ಮಡಚುತ್ತಾ ಕೂತಿದ್ದರು.

"ಎಂತ ಉಮ್ಮಾಲಿಮ್ಮ, ಮದುವೆ ಮನೆಯವರು ಹೀಗೆ ಕೂತರೆ ಹೇಗೆ?" ಎಂದೆ.

"ಬಾಯಮ್ಮ, ಆ ಇರ್ಷಾದ್ ಒಳ್ಳೆ ಹುಡುಗ. ಆದರೆ ಅವನ ದೋಸ್ತಿಗಳು ಉಂಟಲ್ಲ," ಎಂದರು. "ಅವರು ಮಗುವನ್ನು ಕೊಲ್ಲುತ್ತಾರೆ."

ವಿಷಯ ಇದು. ನಮ್ಮ ಕಡೆ ಕೆಲವು ವರ್ಷಗಳಿಂದ ಒಂದು ಹುಚ್ಚು ಶುರುವಾಗಿದೆ. ಮದುಮಗಳು ಗಂಡನ ಮನೆಗೆ ಬರುವಾಗ ಮದುಮಗನ ಗೆಳೆಯರು ಗೇಟಿನಲ್ಲಿ ಕಾದು ನಿಂತು ರ‍್ಯಾಗಿಂಗ್ ಮಾಡುತ್ತಾರೆ. ನೊರೆಯ ಸ್ಪ್ರೇ ಹೊಡೆಯುತ್ತಾರೆ, ಬಣ್ಣದ ಹೊಗೆ ಬಿಡುತ್ತಾರೆ, ಪುಡಿ ಎರಚುತ್ತಾರೆ. ಮಸೀದಿಯ ಜಮಾಅತಿನವರು ಇದು ಕೂಡದು ಎಂದು ಮೈಕಿನಲ್ಲಿ ಹೇಳಿದ್ದಾರೆ. ಹೇಳಿದ್ದನ್ನು ಕೇಳುವ ವಯಸ್ಸೇ ಅದು? ಇರ್ಷಾದ್‌ನ ಸಂಗತಿ ಇನ್ನೂ ಕಷ್ಟದ್ದು. ಉಪ್ಪಳದ ಆ ಗುಂಪಿನಲ್ಲಿ ಎಲ್ಲರ ಮದುವೆಯಲ್ಲೂ ಮುಂದೆ ನಿಂತವನು ಇವನೇ. ಶಮೀರ್ ಎಂಬ ಗೆಳೆಯನನ್ನು ಹೆಂಡತಿಯ ಸಮೇತ ಜೆಸಿಬಿಯ ಬಕೆಟಿನಲ್ಲಿ ಕೂರಿಸಿ ಮನೆಗೆ ತಂದಿದ್ದನಂತೆ. ಈಗ ಇವನ ಸರದಿ. ಶಮೀರ್ ನಿಶ್ಚಿತಾರ್ಥದ ದಿನವೇ, "ನಿನ್ನದು ಬರಲಿ, ನೋಡಿಕೊಳ್ತೇವೆ" ಎಂದು ಎಲ್ಲರ ಮುಂದೆ ನಕ್ಕಿದ್ದ.

"ಹುಡುಗಿಗೆ ಉಬ್ಬಸ ಉಂಟು, ಹೊಗೆ ಗಿಗೆ ಬೇಡ ಅಂತ ಒಂದು ಮಾತು ಹೇಳಿದರೆ ಮುಗಿಯಿತಲ್ಲ," ಎಂದೆ.

ಉಮ್ಮಾಲಿಮ್ಮ ನನ್ನ ಮುಖ ನೋಡಿದರು. ಹೇಳುವ ಹಾಗಿಲ್ಲವೆಂದು ನನಗೂ ಗೊತ್ತಿತ್ತು. ಮೊದಲು ಒಂದು ಸಂಬಂಧ ಗೊತ್ತಾಗಿ, ದಿನ ಇಡುವ ಹೊತ್ತಿಗೆ ಗಂಡಿನ ಕಡೆಯವರಿಗೆ ಈ ಸುದ್ದಿ ಸಿಕ್ಕಿ, ರೋಗದ ಹೆಣ್ಣು ಬೇಡವೆಂದು ಬಿಟ್ಟುಹೋಗಿದ್ದರು. ಆ ವರ್ಷ ರಿಝ್ವಾನಾ ನಮ್ಮ ಮನೆಗೂ ಸರಿಯಾಗಿ ಬರಲಿಲ್ಲ. ಹಾಗಾಗಿ ಈ ಸಲ ಯಾರೂ ಬಾಯಿ ಬಿಟ್ಟಿರಲಿಲ್ಲ. ಮುಚ್ಚಿಡುವುದು ತಪ್ಪು ಎಂದು ಮಹಮೂದಾಕನ ಹತ್ತಿರ ನಾನು ಒಮ್ಮೆ ಜಗಳವನ್ನೇ ಆಡಿದ್ದೆ. ಆತ ಕಣ್ಣಲ್ಲಿ ನೀರು ತಂದುಕೊಂಡು, "ಇನ್ನೊಮ್ಮೆ ಅವಳು ಹಾಗೆ ಕೂರುವುದು ನನಗೆ ನೋಡ್ಲಿಕ್ಕೆ ಆಗುದಿಲ್ಲ ಬಾಯಮ್ಮ" ಎಂದಿದ್ದ. ಆ ಮೇಲೆ ನಾನೂ ಸುಮ್ಮನಾದೆ.

ಇಷ್ಟರಲ್ಲಿ ಬಾಗಿಲಲ್ಲಿ ಇವರು ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. ಮೊಣಕಾಲು ನೋವಿನ ಮನುಷ್ಯ ನೆಟ್ಟಗೆ ನಿಂತಿದ್ದರು.

"ಉಮ್ಮಾಲಿಮ್ಮ, ಆ ಮನೆಗೆ ಎಷ್ಟು ಬಾಗಿಲು?" ಎಂದು ಕೇಳಿದರು.

ನನಗೆ ಆಗಲೇ ಅರ್ಥವಾಯಿತು. ಇನ್ನು ಇವರನ್ನು ಹಿಡಿಯಲು ಸಾಧ್ಯವಿಲ್ಲ.

ಮೊದಲು ರೆಕಿ. ಪ್ಲಮ್ ಕೇಕ್ ಕೊಡುವ ನೆಪದಲ್ಲಿ ನಾವಿಬ್ಬರೂ ಉಪ್ಪಳಕ್ಕೆ ಹೋದೆವು. ಮೇ ತಿಂಗಳ ಬಿಸಿಲಿನಲ್ಲಿ ಪ್ಲಮ್ ಕೇಕ್ ಯಾಕೆ ಎಂದು ಇರ್ಷಾದ್‌ನ ತಾಯಿ ಕೇಳಲಿಲ್ಲ, ಅದು ಅವರ ದೊಡ್ಡತನ. ಇವರು ಸಿಟೌಟಿನಲ್ಲಿ ಕೂತು ಗೇಟು, ಓಣಿ, ಓಣಿಯ ತಿರುವು, ಎದುರು ಮನೆಯ ತಾರಸಿ ಎಲ್ಲ ಕಣ್ಣಲ್ಲೇ ಅಳೆದರು. ಓಣಿ ಇಕ್ಕಟ್ಟು, ಎರಡೂ ಕಡೆ ಎತ್ತರದ ಗೋಡೆ. ಒಳಗೆ ಸಿಕ್ಕಿದವರಿಗೆ ಹೊರಗೆ ಬರಲು ದಾರಿಯಿಲ್ಲ. "ಹೊಂಚು ಹಾಕಲು ಇದಕ್ಕಿಂತ ಒಳ್ಳೆ ಜಾಗ ನಾನು ಕಾಶ್ಮೀರದಲ್ಲೂ ನೋಡಿಲ್ಲ," ಎಂದು ಮನೆಗೆ ಬರುವಾಗ ಕಾರಿನಲ್ಲಿ ಹೇಳಿದರು. ಹೇಳುವಾಗ ಧ್ವನಿಯಲ್ಲಿ ಸ್ವಲ್ಪ ಖುಷಿಯೂ ಇತ್ತು, ಸುಳ್ಳು ಯಾಕೆ.

ನಾನು ಅಡುಗೆ ಕೋಣೆಯಲ್ಲಿ ಕೂತು ಚಾ ಕುಡಿದು ಬಂದಿದ್ದೆ. ಅಡುಗೆ ಕೋಣೆಯ ಹಿಂದೆ ಬಟ್ಟೆ ಒಗೆಯುವ ಕಲ್ಲು, ಬಾವಿ, ಅದರಾಚೆ ತೆಂಗಿನ ತೋಟ, ತೋಟದ ಕೊನೆಗೆ ಮೀನಿನವನ ಸ್ಕೂಟರ್ ಬರುವ ಮಣ್ಣಿನ ದಾರಿ ಇದೆಯೆಂದು ಹೇಳಿದೆ. ಇವರು ಕಾರು ನಿಲ್ಲಿಸಿಯೇ ಬಿಟ್ಟರು.

"ಜೆರ್ಟಿ, ಇದನ್ನು ಮೊದಲೇ ಹೇಳ್ಬಾರದಿತ್ತಾ?"

"ನೀವು ಗೇಟು ನೋಡುದರಲ್ಲಿ ಇದ್ದಿರಿ."

ಮದುವೆಗೆ ಮೂರು ದಿನ ಇರುವಾಗ ನಮ್ಮ ಹಿತ್ತಿಲಲ್ಲಿ ಆದೇಶ ಸಭೆ ನಡೆಯಿತು. ಬಚ್ಚಲುಮನೆ ರಿಪೇರಿಗೆಂದು ತರಿಸಿದ್ದ ಮರಳನ್ನು ಹರಡಿ ಇವರು ಉಪ್ಪಳವನ್ನು ಮಾಡಿಟ್ಟಿದ್ದರು. ಬೂದಿಯಲ್ಲಿ ಎಳೆದ ಗೆರೆ ಹೈವೇ. ಅಡಿಕೆ ಸಿಪ್ಪೆಯ ಎರಡು ಸಾಲು ಓಣಿ. ಬೋರಲು ಹಾಕಿದ ತೆಂಗಿನ ಗೆರಟೆ ಇರ್ಷಾದ್‌ನ ಮನೆ. ಗೇಟಿನ ಹತ್ತಿರ ಚುಚ್ಚಿದ್ದ ಒಣಮೆಣಸುಗಳು ಗೆಳೆಯರ ಗುಂಪು, ಅದರಲ್ಲಿ ಉದ್ದದ್ದು ಶಮೀರ್. ನನ್ನ ಬ್ಯಾಡಗಿ ಮೆಣಸಿನ ಡಬ್ಬ ಯಾಕೆ ಅರ್ಧ ಖಾಲಿಯಾಗಿದೆಯೆಂದು ಆಗ ಗೊತ್ತಾಯಿತು. ಸುತ್ತ ಕುರ್ಚಿ ಹಾಕಿ ಉಮ್ಮಾಲಿಮ್ಮ, ಮಹಮೂದಾಕ, ರಿಝ್ವಾನಾ, ನಾನು ಕೂತಿದ್ದೆವು. ರಿಝ್ವಾನಾಳ ತಾಯಿ ರಸೀನಾ, ಇದೆಲ್ಲ ಕೇಳಿದರೆ ತನಗೆ ಎದೆ ಹೊಡೆದುಕೊಳ್ಳುತ್ತದೆಂದು ಮನೆಯಲ್ಲೇ ಉಳಿದಿದ್ದಳು.

ಇವರ ಕೈಯಲ್ಲಿ ಸಪೂರ ಬೆತ್ತ. "ಮೊದಲು ಶತ್ರು," ಎಂದರು. "ಹತ್ತು ಹನ್ನೆರಡು ಮಂದಿ. ಎಲ್ಲರೂ ಯುವಕರು, ಉತ್ಸಾಹ ಜಾಸ್ತಿ. ಆಯುಧ ಇದು." ಜೇಬಿನಿಂದ ನೊರೆಯ ಸ್ಪ್ರೇ ಕ್ಯಾನು ತೆಗೆದು ತೋರಿಸಿದರು. ಹೊಸಂಗಡಿಯ ಫ್ಯಾನ್ಸಿ ಅಂಗಡಿಯಲ್ಲಿ ಸ್ವತಃ ಹೋಗಿ ಕೊಂಡದ್ದು. ಉಮ್ಮಾಲಿಮ್ಮ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು. ನಾನು ಎಲ್ಲಿಡುವುದೆಂದು ತಿಳಿಯದೆ ಬ್ಯಾಗಿಗೆ ಹಾಕಿಕೊಂಡೆ.

"ಎರಡನೆಯದು, ನಮ್ಮವರು. ನಮ್ಮವರು ಎಷ್ಟು ಮಂದಿ? ಇಲ್ಲಿರುವ ಐವರು. ಅಷ್ಟೇ."

ರಿಝ್ವಾನಾ ಮೆಲ್ಲಗೆ ಕೈ ಎತ್ತಿದಳು. "ಅಂಕಲ್, ಇರ್ಷಾದ್?"

"ಅವನು ಯಾವ ಕಡೆ ಅಂತ ನಮಗೆ ಖಚಿತ ಮಾಹಿತಿ ಇಲ್ಲ ಮಗಾ. ಆ ಗುಂಪಿನ ಮಾಜಿ ಲೀಡರ್ ಅವನೇ. ಅವನಿಗೆ ಒಂದಕ್ಷರ ಗೊತ್ತಾಗಬಾರದು."

"ದಿನಾ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳ್ತಾರೆ," ಎಂದಳು ಅವಳು, ಮರಳನ್ನೇ ನೋಡುತ್ತಾ.

"ಅದು ಒಳ್ಳೆಯದೇ. ಆದರೆ ಅದರ ಮೇಲೆ ಯೋಜನೆ ಮಾಡ್ಲಿಕ್ಕೆ ಆಗುದಿಲ್ಲ."

ಹುಡುಗಿಯ ಮುಖ ಚಿಕ್ಕದಾಯಿತು. ನನಗೆ ಇವರ ಮೇಲೆ ಸಿಟ್ಟು ಬಂತು, ಆದರೆ ಆದೇಶ ಸಭೆಯಲ್ಲಿ ನಡುವೆ ಬಾಯಿ ಹಾಕಿದರೆ ಆಮೇಲೆ ವಾರವಿಡೀ ಅದನ್ನೇ ಹೇಳುತ್ತಾರೆ.

ನಂತರ ಉದ್ದೇಶ. ಉದ್ದೇಶವನ್ನು ಎರಡು ಸಲ ಹೇಳಬೇಕೆಂಬುದು ಸೈನ್ಯದ ಕ್ರಮವಂತೆ, ಗುಂಡಿನ ಸದ್ದಿನಲ್ಲೂ ಮರೆಯಬಾರದ ವಾಕ್ಯ ಅದೊಂದೇ. "ರಿಝ್ವಾನಾಳನ್ನು ಹೊಗೆ, ಪುಡಿ, ನೊರೆ ತಾಗದ ಹಾಗೆ ಮನೆಯೊಳಗೆ ಸೇರಿಸುವುದು," ಎಂದರು. ಸ್ವಲ್ಪ ಬಿಟ್ಟು ಮತ್ತೆ ಅದನ್ನೇ ಹೇಳಿದರು. ಎರಡನೆಯ ಸಲ ಹೇಳುವಾಗ ಅವಳ ಹೆಸರಿನ ಹತ್ತಿರ ನಿಂತು ಒಮ್ಮೆ ಕೆಮ್ಮಿದರು.

ಯೋಜನೆ ಹೀಗಿತ್ತು. ಅವರ ಕ್ರಮದಂತೆ ಮದುಮಗ ಗೆಳೆಯರೊಂದಿಗೆ ಮದುವೆ ಹಾಲ್‌ನಿಂದ ಮೊದಲೇ ಮನೆಗೆ ಹೋಗುತ್ತಾನೆ, ಮದುಮಗಳ ಕಾರು ಆಮೇಲೆ ಬರುತ್ತದೆ. ಹೈವೇಯ ಪೆಟ್ರೋಲ್ ಬಂಕಿನಲ್ಲಿ ಮದುಮಗಳು ಆ ಕಾರಿನಿಂದ ಇಳಿದು ನಮ್ಮ ಹಳೆಯ ಮಾರುತಿಗೆ ಹತ್ತಬೇಕು. ಹೂವಿನ ಅಲಂಕಾರದ ಕಾರಿನಲ್ಲಿ ಅವಳ ಜಾಗದಲ್ಲಿ ಜರಿಯ ಮುಸುಕು ಹಾಕಿ ಉಮ್ಮಾಲಿಮ್ಮ ಕೂರಬೇಕು. ಮಹಮೂದಾಕ ಆ ಕಾರನ್ನು ನಿಧಾನವಾಗಿ ಗೇಟಿಗೆ ಒಯ್ಯುವಾಗ ಎಲ್ಲ ಮೆಣಸುಗಳೂ ಅಲ್ಲಿ ಸೇರುತ್ತವೆ. ಅಷ್ಟರಲ್ಲಿ ನಾವು ಮೀನಿನವನ ದಾರಿಯಲ್ಲಿ ಹೋಗಿ ತೆಂಗಿನ ತೋಟದೊಳಗಿಂದ ಅಡುಗೆ ಕೋಣೆ ಹೊಕ್ಕರಾಯಿತು.

"ಬಂಕಿನಿಂದ ಮುಂದೆ ವಯರ್‌ಲೆಸ್ ಮೌನ," ಎಂದರು. "ಎಲ್ಲರ ಫೋನೂ ಬಂದ್ ಆಗಿ ನನ್ನ ಜೇಬಿನಲ್ಲಿ."

ಆಮೇಲೆ ಅಡ್ಡಿಗಳ ವಿಷಯ. ಹತ್ತಿರದಿಂದ ಯಾರಾದರೂ ಹೊಂಚು ಹಾಕಿ ಎದ್ದರೆ ಎಂತ ಮಾಡಬೇಕು? ಹಿಂದೆ ಓಡುವುದು ಎಂದಳು ರಿಝ್ವಾನಾ. ಕೂಗುವುದು ಎಂದ ಮಹಮೂದಾಕ. ಇವರು ತಲೆಯಾಡಿಸಿದರು. "ಹೊಂಚು ಹಾಕಿದವ ಓಡುವವರಿಗಾಗಿಯೇ ಲೆಕ್ಕ ಹಾಕಿ ಕೂತಿರುತ್ತಾನೆ. ನಿಂತರೂ ಸಿಕ್ಕಿದಿರಿ. ಅವನು ಇರುವ ಕಡೆಗೇ ತಿರುಗಿ ನುಗ್ಗಬೇಕು. ನುಗ್ಗುವವರಿಗೆ ಅವನ ಹತ್ತಿರ ಲೆಕ್ಕ ಇಲ್ಲ."

ಉಮ್ಮಾಲಿಮ್ಮ ಮೆಚ್ಚಿ ತಲೆದೂಗಿದರು. ನಂತರ, "ಅದೆಲ್ಲ ಸರಿ ಪೊರ್ಬುಗಳೇ. ನೀವೇ ಬಿದ್ದರೆ?" ಎಂದು ಕೇಳಿದರು.

"ನಾನು ಬಿದ್ದರೆ ಕಮಾಂಡ್ ಜೆರ್ಟಿಯದ್ದು."

ಒಂದು ಕ್ಷಣವೂ ಯೋಚಿಸದೆ ಹೇಳಿದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಟಿವಿಯ ರಿಮೋಟನ್ನೂ ನನ್ನ ಕೈಗೆ ಕೊಡದ ಮನುಷ್ಯ. "ನೀವು ಬಿದ್ದರೆ ಎತ್ತುವುದು ಯಾರು ಮಾರಾಯ್ರೆ, ಅದೂ ನಾನೇ ಅಲ್ವಾ?" ಎಂದು ತಮಾಷೆ ಮಾಡಿದೆ. ಇವರು ನಗಲಿಲ್ಲ. "ಎತ್ತುದಲ್ಲ. ಮುಂದೆ ಹೋಗುದು. ಬಿದ್ದವನನ್ನು ಆಮೇಲೆ ನೋಡುದು," ಎಂದರು. ಕೋಯಿ ಶಕ್ ಎಂದು ಕೇಳಿದರು. ಯಾರಿಗೂ ಸಂಶಯವಿರಲಿಲ್ಲ. ಮರುದಿನ ಅಂಗಳದಲ್ಲಿ ರಿಹರ್ಸಲ್ ನಡೆಯಿತು. ಉಮ್ಮಾಲಿಮ್ಮ ಮುಸುಕು ಹಾಕಿ ಕಾರಿನಲ್ಲಿ ಕೂರುವುದನ್ನು ಬೇಕೆಂದೇ ಮತ್ತೆ ಮತ್ತೆ ಅಭ್ಯಾಸ ಮಾಡಿದರು. ಕನ್ನಡಿಯನ್ನೂ ನೋಡಿಕೊಂಡರು.

ಮದುವೆಯ ದಿನ ಹಾಲ್‌ನಲ್ಲಿ ಬಿರಿಯಾನಿ ಬಹಳ ಚೆನ್ನಾಗಿತ್ತು. ದಾಳಿಗೆ ಮೊದಲು ಹೊಟ್ಟೆ ಹಗುರವಿರಬೇಕೆಂದು ಇವರು ಎರಡು ತುತ್ತು ತಿಂದು ಎದ್ದರು. ಇವರ ಪಾಲಿನದ್ದನ್ನೂ ನಾನೇ ತಿಂದೆ. ಇರ್ಷಾದ್ ಗೆಳೆಯರೊಂದಿಗೆ ಹೊರಡುವಾಗ ಹೆಂಗಸರ ಕಡೆಗೆ ತಿರುಗಿ ತಿರುಗಿ ನೋಡುತ್ತಿದ್ದ. ಏನೋ ಹೇಳಬೇಕೆಂದು ನಮ್ಮ ಕಡೆ ಒಂದೆರಡು ಹೆಜ್ಜೆ ಬಂದ. ಇವರು ಅಡ್ಡ ನಿಂತು ಅವನ ಕೈ ಕುಲುಕಿ, ಅಭಿನಂದನೆ ಹೇಳಿ, ಭುಜ ಹಿಡಿದು ತಿರುಗಿಸಿ ಕಳಿಸಿಬಿಟ್ಟರು.

ಬಂಕಿನಲ್ಲಿ ಎಲ್ಲವೂ ಯೋಜನೆಯಂತೆ ಆಯಿತು. ಫೋನುಗಳು ಇವರ ಜೇಬು ಸೇರಿದವು. ಉಮ್ಮಾಲಿಮ್ಮ ಮುಸುಕಿನೊಳಗಿಂದ ನಮಗೆ ಕೈ ಬೀಸಿ ಹೋದರು. ರಿಝ್ವಾನಾ ಮಾರುತಿಯ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲಿ ಕೂತಳು. ಅವಳ ಉಬ್ಬಸದ ಪಂಪು ನನ್ನ ಬ್ಯಾಗಿನಲ್ಲಿತ್ತು. ಉಸಿರು ಆಗಲೇ ಬಿಗಿಯಾಗಿದೆಯೆಂದು ಅವಳ ಕತ್ತಿನಲ್ಲಿ ಕಾಣುತ್ತಿತ್ತು. ಆದರೂ ಪಂಪು ಬೇಡವೆಂದಳು.

"ಜೆರ್ಟಿ ಆಂಟಿ, ಇವತ್ತು ತಪ್ಪಿಸಿಕೊಂಡೆವು ಅಂತ ಇಟ್ಟುಕೊಳ್ಳಿ. ನಾಳೆ ಅವರ ಮನೆಯಲ್ಲಿ ನನಗೆ ಕೆಮ್ಮು ಬಂದರೆ? ನಾಡಿದ್ದು ಬಂದರೆ? ವಾಪಸ್ ಕಳಿಸ್ತಾರಾ?"

ಸುಬೇದಾರರ ಯೋಜನೆ ಅಡುಗೆ ಕೋಣೆಯ ಬಾಗಿಲಿಗೆ ಮುಗಿಯುತ್ತಿತ್ತು. ಅವಳ ಹೆದರಿಕೆ ಅಲ್ಲಿಂದ ಶುರುವಾಗುತ್ತಿತ್ತು. "ಕಳಿಸಿದರೆ ನಮ್ಮ ಮನೆ ಉಂಟು," ಎಂದೆ. "ನೀನು ನನ್ನ ಮಗಳು. ಇದನ್ನು ನಾನು ಮೊದಲೇ ಹೇಳಬೇಕಿತ್ತು." ಅವಳು ನನ್ನ ಕೈ ಹಿಡಿದುಕೊಂಡಳು. ಮೆಹಂದಿಯ ಕೈ ತಣ್ಣಗಿತ್ತು. ಮುಂದೆ ಸ್ಟೀರಿಂಗ್ ಹಿಡಿದ ಮನುಷ್ಯ ಮತ್ತೊಮ್ಮೆ ಕೆಮ್ಮಿದರು.

ಮಣ್ಣಿನ ದಾರಿಯ ಕೊನೆಯಲ್ಲಿ ಕಾರು ಬಿಟ್ಟು ನಡೆದೆವು. ಮುಂದೆ ಇವರು, ನಡುವೆ ರಿಝ್ವಾನಾ, ಹಿಂದೆ ನಾನು. ಬಿಸಿಲು ಇಳಿಯುತ್ತಿತ್ತು. ತೋಟದೊಳಗೆ ಸ್ವಲ್ಪ ದೂರ ಹೋಗುವಾಗ ಇವರು ಮುಷ್ಟಿ ಎತ್ತಿದರು. ನಿಂತೆವು. ಬಗ್ಗಿ ನೆಲ ಮುಟ್ಟಿ ನೋಡಿ ನನ್ನ ಕಡೆ ತಿರುಗಿ, "ಮಳೆ ಬಂದಿಲ್ಲ. ನೆಲ ಯಾಕೆ ಒದ್ದೆ?" ಎಂದು ಪಿಸುಗುಟ್ಟಿದರು. ನಿಜ, ಕಾಲುದಾರಿ ಉದ್ದಕ್ಕೂ ಒದ್ದೆಯಾಗಿತ್ತು. ಯಾರೋ ತೋಟಕ್ಕೆ ನೀರು ಬಿಟ್ಟಿರಬೇಕೆಂದೆ. ತೆಂಗಿನ ಬುಡಗಳು ಒಣಗಿಯೇ ಇದ್ದವು. ಅದನ್ನು ನಾನು ಗಮನಿಸಲಿಲ್ಲ, ಇವರೂ ಗಮನಿಸಲಿಲ್ಲ.

ಓಣಿಯ ಕಡೆಯಿಂದ ಶಿಳ್ಳೆ, ಕೇಕೆ ಕೇಳಿಸಿತು. ಉಮ್ಮಾಲಿಮ್ಮ ತಲುಪಿದ್ದರು. ಇವರು ಮುಂದೆ ಹೋಗುವ ಸನ್ನೆ ಮಾಡಿ ಜೋರಾಗಿ ಹೆಜ್ಜೆ ಹಾಕಿದರು. ಒದ್ದೆ ಮಣ್ಣಿನಲ್ಲಿ ಬೂಟು ಜಾರಿತು. ತೆಂಗಿನ ಬುಡದ ಗುಂಡಿಗೆ ಒಂದು ಕಾಲು ಹೋಗಿ, ಸುಬೇದಾರ್ ಕ್ಲಿಫರ್ಡ್ ಡಿಸೋಜ ಸೂಟು ಬೂಟಿನ ಸಮೇತ ಕೂತುಬಿಟ್ಟರು. ಸದ್ದು ಮಾಡಲಿಲ್ಲ. ಮುಖ ಮಾತ್ರ ಬಿಳಿಚಿತು. ನಾನು ಓಡಿ ಹೋಗಿ ಎತ್ತಲು ಬಗ್ಗಿದರೆ ಕೈ ತಳ್ಳಿ, ಮನೆಯ ಕಡೆಗೆ ಬೆರಳು ತೋರಿಸಿದರು. ಬಿದ್ದವನನ್ನು ಆಮೇಲೆ ನೋಡುವುದು. ಅವತ್ತು ತಮಾಷೆ ಮಾಡಿದ್ದೆನಲ್ಲ, ಈಗ ಮಾಡಲು ಬರಲಿಲ್ಲ. ರಿಝ್ವಾನಾಳ ಕೈ ಹಿಡಿದು ಮುಂದೆ ನಡೆದೆ.

ಬಾವಿಯ ಹತ್ತಿರ ಬರುವಾಗ ಕಟ್ಟೆಯ ಹಿಂದಿನಿಂದ ಐದಾರು ಹುಡುಗರು ಎದ್ದು ನಿಂತರು. ಎದುರಿಗೇ ಶಮೀರ್. ಅವನ ಒಂದು ಕೈ ಬೆನ್ನ ಹಿಂದೆ ಇತ್ತು.

ಆ ಕ್ಷಣ ನನಗೆ ನೆನಪಾದದ್ದು ಒಂದೇ. ಓಡಬಾರದು, ನಿಲ್ಲಬಾರದು, ನುಗ್ಗಬೇಕು. ಬ್ಯಾಗಿಗೆ ಕೈ ಹಾಕಿದೆ, ಕ್ಯಾನು ಸಿಕ್ಕಿತು. ಇಗರ್ಜಿಯ ಮಹಿಳಾ ಸಂಘದ ಮಾಜಿ ಅಧ್ಯಕ್ಷೆ ನಾನು, ಸೀರೆ ಎತ್ತಿ ಕಟ್ಟಿ ಓಡಿ ಹೋಗಿ ಶಮೀರ್‌ನ ಮುಖಕ್ಕೆ ನೊರೆ ಹೊಡೆದೆ. ಕೂದಲಿಗೆ, ಗಡ್ಡಕ್ಕೆ, ಇಸ್ತ್ರಿ ಹಾಕಿದ ಬಿಳಿ ಅಂಗಿಗೆ. ಅವನ ಪಕ್ಕದವನಿಗೂ ಹೊಡೆದೆ. ಯಾರೂ ಓಡಲಿಲ್ಲ, ಯಾರೂ ತಿರುಗಿ ಹೊಡೆಯಲೂ ಇಲ್ಲ. ಶಮೀರ್ ಕಣ್ಣಿನ ನೊರೆ ಒರೆಸುತ್ತಾ ಇನ್ನೊಂದು ಕೈಯನ್ನು ನನ್ನ ಮುಂದೆ ಅಡ್ಡ ಹಿಡಿದ.

"ಆಂಟಿ, ನನಗೆ ಎಷ್ಟು ಬೇಕಾದರೂ ಹೊಡೆಯಿರಿ. ಆ ಕಡೆ ಬೇಡ. ರಿಝ್ವಾನಾಗೆ ಸ್ಪ್ರೇ ಆಗುದಿಲ್ಲ."

ಅವನ ಕೈಯಲ್ಲಿದ್ದದ್ದು ಮೆಡಿಕಲ್ ಶಾಪಿನ ಕವರು. ಒಳಗೆ ಹೊಸ ಇನ್‌ಹೇಲರ್, ನೀರಿನ ಬಾಟಲಿ.

ನಾನು ಹಿಂದೆ ತಿರುಗಿದೆ. ರಿಝ್ವಾನಾ ಎದೆಗೆ ಕೈ ಒತ್ತಿಕೊಂಡು ನಿಂತಿದ್ದಳು. ನೊರೆಯ ವಾಸನೆ ಗಾಳಿಯಲ್ಲಿ ಅವಳವರೆಗೆ ಹೋಗಿತ್ತು. ಹೋಗುವಂತೆ ಮಾಡಿದವಳು ನಾನೇ. ಜೀವಮಾನದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದಿಲ್ಲ. ಅವಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದೆವು. ಅಷ್ಟು ಹುಡುಗರ ಎದುರು ಅವಳು ಪಂಪನ್ನು ಬಾಯಿಗೆ ಇಟ್ಟಳು. ಇಷ್ಟು ವರ್ಷ ಬಾಗಿಲು ಹಾಕಿಕೊಂಡು ಮಾಡುತ್ತಿದ್ದ ಕೆಲಸ. ಹುಡುಗರು ತಾವಾಗಿಯೇ ಬೆನ್ನು ತಿರುಗಿಸಿ, ಅವಳ ಸುತ್ತ ಗೋಡೆ ಕಟ್ಟಿದ ಹಾಗೆ ನಿಂತರು.

"ನಿಮಗೆ ಹೇಗೆ ಗೊತ್ತು?" ಎಂದು ಶಮೀರ್‌ನನ್ನು ಕೇಳಿದೆ.

ಅವನು ಬಾವಿಯ ನೀರಿನಲ್ಲಿ ಮುಖ ತೊಳೆಯುತ್ತಾ ಹೇಳಿದ. ಅವನು ಕೆಲಸಕ್ಕಿರುವುದು ಮೆಡಿಕಲ್ ಶಾಪಿನಲ್ಲಿ. ನಿಶ್ಚಯವಾದ ಮೇಲೆ ಒಂದು ದಿನ ಇರ್ಷಾದ್ ಅಂಗಡಿಗೆ ಬಂದು, ಫೋನಿನಲ್ಲಿ ಮಾತಾಡುವಾಗ ಅವಳು ನಡುವೆ ನಿಲ್ಲಿಸುತ್ತಾಳೆ, ಆಗ ಒಂದು ಸದ್ದು ಕೇಳುತ್ತದೆ, ಅದು ಎಂತದ್ದು ಎಂದು ಕೇಳಿದನಂತೆ. ಶಮೀರ್‌ಗೆ ಸಂಶಯ ಬಂದು ಅಂಗಡಿಯಲ್ಲಿದ್ದ ಬೇರೆ ಬೇರೆ ಇನ್‌ಹೇಲರ್‌ಗಳ ಖಾಲಿ ಮಾದರಿಗಳನ್ನು ಒಂದೊಂದಾಗಿ ಒತ್ತಿದ. ಇರ್ಷಾದ್ ಕೌಂಟರಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೇಳಿ, "ಇದು, ಇದೇ" ಎಂದ. ಆಮೇಲೆ ತುಂಬ ಹೊತ್ತು ಅಲ್ಲೇ ಕೂತಿದ್ದನಂತೆ.

"ಮರುದಿನ ನಮ್ಮನ್ನೆಲ್ಲ ಕರೆದು ಹೇಳಿದ ಆಂಟಿ. ನನ್ನ ಮೇಲೆ ಇರುವ ಸಿಟ್ಟು ನನ್ನ ಮೇಲೆಯೇ ತೀರಿಸಿ, ಬಾವಿಗೆ ಹಾಕಿದರೂ ಅಡ್ಡಿ ಇಲ್ಲ, ಅವಳು ಬರುವ ದಾರಿಯಲ್ಲಿ ಧೂಳು ಸಹ ಏಳಬಾರದು ಅಂತ. ಎದುರು ಓಣಿಯಲ್ಲಿ ಜನ, ಧೂಳು. ಅದಕ್ಕೆ ಈ ಕಡೆಯಿಂದ ಕರೆದುಕೊಂಡು ಬರುವ ಅಂತ ಪ್ಲಾನ್ ಮಾಡಿದ್ದು. ಮಧ್ಯಾಹ್ನದಿಂದ ನೀರು ಹಾಕ್ತಾ ಇದ್ದೇವೆ. ಹೈವೇಯಲ್ಲಿ ನಿಮಗೆ ಹೇಳುವ ಅಂತ ಅವನು ಫೋನ್ ಮಾಡಿ ಮಾಡಿ ಸಾಕಾಯ್ತು, ನಿಮ್ಮದೆಲ್ಲ ಸ್ವಿಚ್ ಆಫ್."

ಅಷ್ಟರಲ್ಲಿ ಮನೆಯ ಬದಿಯಿಂದ ಇರ್ಷಾದ್ ಓಡಿ ಬಂದ. ಹಿಂದಿನಿಂದ ಉಮ್ಮಾಲಿಮ್ಮ ಜರಿಯ ಮುಸುಕಿನಲ್ಲೇ ಮಹಮೂದಾಕನ ಕೈ ಹಿಡಿದು ಬರುತ್ತಿದ್ದರು. ಇರ್ಷಾದ್ ಯಾರನ್ನೂ ನೋಡದೆ ಕಲ್ಲಿನ ಎದುರು ನೆಲದಲ್ಲೇ ಕೂತ.

"ಹೇಳ್ಬಾರದಿತ್ತಾ?" ಎಂದ.

"ಹೇಳಿದರೆ ಬಿಟ್ಟುಹೋಗ್ತೀರಿ ಅಂತ ಹೆದರಿಕೆ," ಎಂದಳು ರಿಝ್ವಾನಾ. "ನಿಮಗೆ ಗೊತ್ತಿದ್ದರೆ ನೀವು ಹೇಳ್ಬಾರದಿತ್ತಾ?"

"ನನಗೆ ಗೊತ್ತುಂಟು ಅಂತ ಗೊತ್ತಾದರೆ ನೀನೇ ಬೇಡ ಅಂತೀಯಾ ಅಂತ."

ಮಹಮೂದಾಕ ಅಲ್ಲೇ ನಿಂತು ಟೋಪಿ ತೆಗೆದು ಮುಖ ಒರೆಸಿಕೊಂಡ. ಇಷ್ಟು ತಿಂಗಳು ಎರಡು ಮನೆಯವರೂ ಒಂದೇ ಗುಟ್ಟನ್ನು ಬೇರೆ ಬೇರೆ ಮುಚ್ಚಿಟ್ಟು ಕೂತಿದ್ದೆವು. ಬೈಯಬೇಕೆಂದರೆ ಯಾರಿಂದ ಶುರು ಮಾಡುವುದೆಂದು ನನಗೆ ತಿಳಿಯಲಿಲ್ಲ.

ಆಗ ತೋಟದ ಕಡೆ ನೋಡಿದೆ. ದೇವರೇ, ನನ್ನ ಗಂಡ ಇನ್ನೂ ಗುಂಡಿಯಲ್ಲಿಯೇ ಇದ್ದರು. ಕಮಾಂಡ್ ಸಿಕ್ಕಿದ ಖುಷಿಯಲ್ಲಿ ಮರೆತೇಬಿಟ್ಟಿದ್ದೆ. ಹುಡುಗರು ಹೋಗಿ ಇವರನ್ನು ಎತ್ತಿಕೊಂಡು ಬಂದರು. ಶತ್ರುವಿನ ಹೆಗಲ ಮೇಲೆ ಬರುವುದು ಮರ್ಯಾದೆಯ ಪ್ರಶ್ನೆ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರಂತೆ.

ಇರ್ಷಾದ್‌ನ ತಾಯಿ ಅಡುಗೆ ಕೋಣೆಯ ಬೆಂಚಿನಲ್ಲಿ ಇವರನ್ನು ಕೂರಿಸಿ ಕಾಲಿಗೆ ಐಸ್ ಕಟ್ಟಿದರು. ಆಮೇಲೆ ರಿಝ್ವಾನಾಳನ್ನೂ ನನ್ನನ್ನೂ ಮದುಮಕ್ಕಳ ಕೋಣೆಗೆ ಕರೆದೊಯ್ದರು. ನಾನು ಬಾಗಿಲಲ್ಲೇ ನಿಂತೆ. ನಮ್ಮ ಕಡೆಯ ಮದುವೆ ಕೋಣೆಯೆಂದರೆ ಮಲ್ಲಿಗೆ, ಅತ್ತರು, ಊದುಬತ್ತಿ ಸೇರಿ ಹೊರಗಿನವರಿಗೂ ತಲೆ ತಿರುಗಬೇಕು. ಇಲ್ಲಿ ಒಂದು ಹೂವಿಲ್ಲ. ನೆಲಹಾಸಿಲ್ಲ, ಪರದೆಯಿಲ್ಲ. ಒಗೆದು ಒಣಗಿಸಿದ ಬಿಳಿ ಹತ್ತಿಯ ಹಾಸು, ತೆರೆದ ಎರಡು ಕಿಟಕಿ, ಕಡಲಿನ ಗಾಳಿ. "ಸಂಬಂಧಿಕರು ಬಂದು ಇದೆಂತ ಆಸ್ಪತ್ರೆಯ ಹಾಗೆ ಅಂತ ಕೇಳಿದರು. ಕೇಳಲಿ ಅಂದೆ," ಎಂದರು ಆ ತಾಯಿ. ರಿಝ್ವಾನಾ ಅವರ ಹೆಗಲಿಗೆ ಮುಖವಿಟ್ಟು ಅತ್ತಳು. ಅತ್ತರೆ ಉಬ್ಬಸ ಜಾಸ್ತಿಯಾಗುತ್ತದೆಂದು ಹೇಳಲು ಹೋದೆ. ನನಗೇ ಅಳು ಬರುತ್ತಿತ್ತು.

ಹೊರಗೆ ಬಂದಾಗ ಬೆಂಚಿನಲ್ಲಿ ಕೂತ ಇವರು ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಿದ್ದರು. ಐಸ್ ಹಿಡಿದಿದ್ದ ಹುಡುಗ, ತಲೆನೋವಾ ಅಂಕಲ್ ಎಂದು ಕೇಳುತ್ತಿದ್ದ. ಕೋಣೆಯಿಂದ ಹೊರಬಂದ ರಿಝ್ವಾನಾ ಅದನ್ನು ನೋಡಿದಳು. ಮದುಮಗಳ ಲಂಗ ಎರಡೂ ಕೈಯಲ್ಲಿ ಎತ್ತಿಕೊಂಡು, ಪಾಗಾರ ಹಾರಿ ಬರುತ್ತಿದ್ದ ಹುಡುಗಿಯಂತೆ ಸೀದಾ ಇವರ ಪಕ್ಕಕ್ಕೆ ಬಂದು ನಿಂತಳು.

"ಎಲ್ಲರೂ ಹತ್ತಿರ ಬನ್ನಿ ಅಂತ ಅದು," ಎಂದು ಇರ್ಷಾದ್‌ಗೆ ಹೇಳಿಕೊಟ್ಟಳು.

ಎಲ್ಲರೂ ಬಂದೆವು. ಮಹಮೂದಾಕ, ಉಮ್ಮಾಲಿಮ್ಮ, ಇರ್ಷಾದ್, ಅವನ ತಾಯಿ, ಕಿವಿಯಲ್ಲಿ ಇನ್ನೂ ನೊರೆ ಇದ್ದ ಶಮೀರ್, ಒದ್ದೆ ಪ್ಯಾಂಟಿನ ಅವನ ಗೆಳೆಯರು. ಕಾರ್ಯಾಚರಣೆ ಮುಗಿದ ಮೇಲೆ ತಲೆ ಎಣಿಸಬೇಕು, ಅದು ಕ್ರಮ. ಇವರು ಬೆರಳು ತೋರಿಸಿ ಎಣಿಸುತ್ತಾ ಹೋದರು. ಐದಕ್ಕೆ ನಿಲ್ಲಲಿಲ್ಲ. ಶಮೀರ್‌ನನ್ನು ಎಣಿಸಿದರು, ಬಾಗಿಲಲ್ಲಿ ಇಣುಕುತ್ತಿದ್ದ ಕೊನೆಯ ಹುಡುಗನನ್ನೂ ಎಣಿಸಿದರು.

"ಯೋಜನೆಯಲ್ಲಿ ತಪ್ಪು ಒಂದೇ," ಎಂದರು. "ಶತ್ರುವನ್ನು ಸರಿಯಾಗಿ ಎಣಿಸಿದೆ. ನಮ್ಮವರನ್ನು ಎಣಿಸುದರಲ್ಲಿ ತಪ್ಪಿತು."

ಆಮೇಲೆ ಅಭ್ಯಾಸ ಬಿಡಲಾರದೆ ಕೇಳಿದರು. "ಕೋಯಿ ಶಕ್?"

ರಿಝ್ವಾನಾ ಕೈ ಎತ್ತಿದಳು. "ಒಂದು ಉಂಟು ಅಂಕಲ್. ನನ್ನ ಫೋನ್ ನಿಮ್ಮ ಜೇಬಿನಲ್ಲಿ ಉಂಟು."

ಇವರು ತಡವರಿಸಿ ತೆಗೆದು ಕೊಟ್ಟರು. ಅವಳು ಫೋನ್ ಆನ್ ಮಾಡಿದಳು. ಅದು ಅವಳ ಕೈಯಲ್ಲಿ ಒಂದೇ ಸಮನೆ ನಡುಗತೊಡಗಿತು. ತಪ್ಪಿದ ಕರೆಗಳೆಲ್ಲ ಇರ್ಷಾದ್‌ನವೇ. ಕೊನೆಯಲ್ಲಿ ಒಂದು ಮೆಸೇಜ್ ಇತ್ತು. ಅದನ್ನು ಓದಿ, ನನ್ನ ಕಡೆ ಚಾಚಿದಳು. ಕನ್ನಡಕ ಹಾಕಿಕೊಂಡು ನಾನು ಎಲ್ಲರಿಗೂ ಕೇಳುವಂತೆ ಓದಿದೆ.

"ಹಿಂದಿನ ಬಾಗಿಲಿಗೆ ಬನ್ನಿ. ನೀನು ನಿಧಾನ ನಡಿ, ಉಸಿರು ಬಿಗಿ ಹಿಡಿಯಬೇಡ. ಇಲ್ಲಿ ಎಲ್ಲರಿಗೂ ಗೊತ್ತುಂಟು, ಎಲ್ಲರೂ ಕಾಯ್ತಾ ಇದ್ದಾರೆ."